ಎರಡು ತೊಟ್ಟಿಯ ಪೀಠ

ಮಾರ್ಚ್ ೩, ಸೋಮವಾರ

ನನ್ನ ಒಳಹೊರಗನ್ನು ಬಲ್ಲವನ ಎದುರಿಗೆ ಈ ಹೊಸ ಪುಸ್ತಕದ ಮೊದಲ ಹಾಳೆಯನ್ನು ಬಿಚ್ಚಿಟ್ಟು, ಇದರಲ್ಲಿ ಸುಳ್ಳು ನುಸುಳದಿರಲಿ ಎಂದು ಬೇಡಿ ಆರಂಭಿಸುತ್ತೇನೆ. ಮೂವತ್ತಾರು ವರ್ಷ ಧರ್ಮಗ್ರಂಥಗಳ ಅಚ್ಚಿನ ಕರಡು ತಿದ್ದಿ ನಿವೃತ್ತನಾದ ನಾನು ಇಂದಿನವರೆಗೆ ಅಶ್ಲೀಲವಾದ ಒಂದು ಪದವನ್ನೂ ಕಾಗದಕ್ಕೆ ಇಳಿಸಿದವನಲ್ಲ. ಆ ವ್ರತಕ್ಕೆ ಈ ದಿನ ಭಂಗದ ಭೀತಿ ಒದಗಿದೆ.

ನಾದಿನಿಯಿಂದ ಪತ್ರ ಬಂತು. ನನ್ನ ಸಹಧರ್ಮಿಣಿಗೆ ಒಬ್ಬಳೇ ತಂಗಿ. ಮೂರು ದಿನದ ಹಾದಿಯಾಚೆ, ಬೆಟ್ಟಸಾಲಿನ ಆ ಬದಿಗೆ, ಸಮುದ್ರದ ದಡದಲ್ಲಿ ವಾಸ. ಅಕ್ಕ ತಂಗಿ ಮುಖ ನೋಡಿ ಒಂಬತ್ತು ವರ್ಷವಾಯಿತು. 'ಅಕ್ಕಾ, ಈ ವರ್ಷದ ಕೊನೆಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣೋದಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಕಣ್ಣು ಕಾಣ್ತಿರೋವಾಗಲೇ ಒಮ್ಮೆ ಬಾ' ಎಂದು ದಪ್ಪ ದಪ್ಪ ಅಕ್ಷರಗಳಲ್ಲಿ, ಸಾಲು ಮೇಲೆ ಕೆಳಗೆ ಓಡಿಸಿ ಬರೆದಿದ್ದಾಳೆ.

ಸಹಧರ್ಮಿಣಿ ಎರಡು ಬಾರಿ ಓದಿ, ಮಡಿಸಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು. "ಮಂಡಿ ನೋವು. ಅಷ್ಟು ದೂರ ಆಗಲ್ಲ" ಎಂದಳು. ಒಂಬತ್ತು ವರ್ಷದಿಂದ ಅದೇ ಮಾತು. ಅಕ್ಕ ತಂಗಿಯರ ನಡುವೆ ಏನೋ ಮುನಿಸಿರಬೇಕೆಂದು ನಾನು ಮೌನವಾಗಿದ್ದೆ. ಹೆಂಗಸರ ಮುನಿಸಿನಲ್ಲಿ ತಲೆ ಹಾಕಬಾರದೆಂಬುದು ನನ್ನ ಸಿದ್ಧಾಂತ.

ಮಗಳು ಆಂಬುಲೆನ್ಸ್ ಓಡಿಸುವವಳು. ಮನೆಯಲ್ಲೂ ಅದೇ ವೇಗ. ಊಟದ ನಡುವೆಯೇ ಹೇಳಿದಳು: "ಅಮ್ಮಾ, ಬಡಗಿ ಸ್ನೇಹಿತನ ವ್ಯಾನ್ ಕೇಳಿದೀನಿ. ಹಾಸಿಗೆ, ಒಲೆ, ಸಿಂಕು ಎಲ್ಲಾ ಇದೆ. ಟಾಯ್ಲೆಟ್ ಒಂದಿಲ್ಲ. ಅದನ್ನ ನಾವು ತಗೊಳ್ಳೋಣ. ಅಪ್ಪ ಆರಿಸ್ತಾರೆ."

ನಾನು ಬಾಯಿಗೆ ತಂದ ತುತ್ತನ್ನು ಮರಳಿ ತಟ್ಟೆಗೆ ಇಳಿಸಿದೆ.

ಮಾರ್ಚ್ ೪, ಮಂಗಳವಾರ

ಒಲ್ಲೆನೆಂದೆ. ಮಗಳಿಗೆ ಈ ವಾರವಿಡೀ ಪಾಳಿ. "ಇಡೀ ಜನ್ಮ ಕಾಮಾ ಪೂರ್ಣವಿರಾಮ ಆರಿಸಿದ್ದೀರಲ್ಲಾ ಅಪ್ಪಾ, ಇದೇನು ಮಹಾ!" ಎಂದು ಹೊರಟುಹೋದಳು.

ಸಹಧರ್ಮಿಣಿ ಪಾತ್ರೆ ತೊಳೆಯುತ್ತ, ನನ್ನತ್ತ ಬೆನ್ನು ಹಾಕಿಯೇ ಕೇಳಿದಳು: "ಅದಕ್ಕೆ ಬಾಗಿಲಿರತ್ತಾ?"

ವಿಚಾರಿಸುತ್ತೇನೆಂದೆ. ಹೀಗೆ ಒಂದೇ ಪ್ರಶ್ನೆಯ ಹಗ್ಗದಿಂದ ನನ್ನನ್ನು ಕಟ್ಟಿಹಾಕಲಾಯಿತು.

ಮಾರ್ಚ್ ೬, ಗುರುವಾರ

ಪ್ರಾರ್ಥನೆ ಮುಗಿಸಿ, ಇಸ್ತ್ರಿ ಮಾಡಿದ ಕೋಟು ತೊಟ್ಟು, ಡೇರೆ ಮತ್ತು ಪ್ರವಾಸದ ಸಾಮಾನುಗಳ ಅಂಗಡಿಗೆ ಹೋದೆ. ಅಂಗಡಿಯಾಕೆ ಐವತ್ತರ ಗಟ್ಟಿ ಹೆಂಗಸು; ಧ್ವನಿಯೂ ಗಟ್ಟಿ. ನನಗೆ ಬೇಕಾದ ಉಪಕರಣವನ್ನು ನಾನು 'ದೇಹಬಾಧೆಯನ್ನು ಪರಿಹರಿಸತಕ್ಕ ಸಂಚಾರಿ ಆಸನ' ಎಂದು ವಿವರಿಸಿದೆ.

"ಸೊಂಟ ನೋವಾ ಯಜಮಾನ್ರೇ? ಮಸಾಜ್ ಕುರ್ಚಿ ಪಕ್ಕದಂಗಡೀಲಿ."

ಅಲ್ಲವೆಂದೆ. ಕೈಸನ್ನೆ ಮಾಡಲು ಹೋಗಿ ಅದೂ ಅನುಚಿತವೆಂದು ನಿಲ್ಲಿಸಿದೆ. ಅವಳಿಗೆ ಹೊಳೆಯಿತು. "ಓ, ಕಕ್ಕಸಾ!" ಎಂದಳು. ಮೂಲೆಯಲ್ಲಿ ಟಾರ್ಚ್ ನೋಡುತ್ತಿದ್ದ ದಂಪತಿಗಳು ತಿರುಗಿ ನನ್ನನ್ನು ನೋಡಿದರು.

ಮೂರು ಮತಗಳಿವೆ. ಮೊದಲನೆಯದು ಬಕೆಟ್ ಮತ. ಬಕೆಟ್ಟಿಗೆ ಚೀಲ ತೊಡಿಸಿ, ಕೆಲಸವಾದ ಮೇಲೆ ಗಂಟು ಕಟ್ಟುವುದು. ಇದು ಸರಳ, ಆದರೆ ಗಂಟಿನ ಮುಂದಿನ ಗತಿಯ ಕುರಿತು ಈ ಮತ ಮೌನವಾಗಿದೆ. ಎರಡನೆಯದು ಒಣ ಮತ. ದ್ರವ ಘನಗಳೆಂಬ ಭೇದವನ್ನು ಮೂಲದಲ್ಲೇ ಮಾಡಿ, ಒಂದಕ್ಕೆ ಸೀಸೆಯನ್ನೂ ಇನ್ನೊಂದಕ್ಕೆ ಮರದ ಹೊಟ್ಟನ್ನೂ ವಿಧಿಸುತ್ತದೆ. ಮೂರನೆಯದು ಎರಡು ತೊಟ್ಟಿಯದು. ಮೇಲಿನ ತೊಟ್ಟಿಯಲ್ಲಿ ಶುದ್ಧ ಜಲ, ಕೆಳಗಿನದರಲ್ಲಿ ನೀಲಿ ಔಷಧ, ನಡುವೆ ಎಳೆದರೆ ತೆರೆಯುವ ಅಡ್ಡ ಮುಚ್ಚಳ. ಕೆಳಗಿನದು ತುಂಬಿದಾಗ ಕೊಂಡಿ ಬಿಚ್ಚಿ, ಪೆಟ್ಟಿಗೆಯಂತೆ ಹೊತ್ತೊಯ್ದು ಸುರಿದು ಬರುವುದು.

"ಹೊತ್ತೊಯ್ಯುವವರು ಯಾರು?" ಎಂದು ಕೇಳಿದೆ.

"ಮನೇಲಿ ಯಾರಿಗೆ ಮಾತು ಬರಲ್ವೋ ಅವರು" ಎಂದು ನಕ್ಕಳು. ಆಮೇಲೆ ಪುಸ್ತಕ ತೆಗೆದು, "ಎಷ್ಟು ಜನ? ಯಾರಿಗಾದ್ರೂ ಪದೇ ಪದೇ ಹೋಗೋ ತೊಂದರೆ ಇದೆಯಾ? ಅದರ ಮೇಲೆ ತೊಟ್ಟಿ ಅಳತೆ" ಎಂದಳು.

ಮೂವರು ಎಂದೆ. ಎರಡನೆಯ ಪ್ರಶ್ನೆಗೆ, ನಲವತ್ತನಾಲ್ಕು ವರ್ಷ ಒಂದೇ ಸೂರಿನಡಿ ಬಾಳಿದವನು "ನನಗೆ ಗೊತ್ತಿಲ್ಲ" ಎಂದೆ.

"ಗೊತ್ತು ಮಾಡ್ಕೊಂಡು ಬನ್ನಿ" ಎಂದು ಪುಸ್ತಕ ಮುಚ್ಚಿದಳು.

ಮಾರ್ಚ್ ೭, ಶುಕ್ರವಾರ

ಬಾಯಿಬಿಟ್ಟು ಕೇಳುವುದು ಸಾಧ್ಯವಾಗಲಿಲ್ಲ. ಕರಡು ಕಾಗದದ ಮೇಲೆ ಪ್ರಶ್ನೆಯನ್ನು ವಿನಯಪೂರ್ವಕ ಬರೆದು, ಅವಳ ಕನ್ನಡಕದ ಪೆಟ್ಟಿಗೆಯ ಕೆಳಗಿಟ್ಟು ವಾಯುವಿಹಾರಕ್ಕೆ ಹೋದೆ. ಮರಳಿ ಬಂದಾಗ ಉತ್ತರ ನನ್ನ ಮೇಜಿನ ಮೇಲಿತ್ತು:

'ಗಂಟೆಗೊಮ್ಮೆ. ಒಮ್ಮೊಮ್ಮೆ ಅರ್ಧ ಗಂಟೆಗೆ. ಬಂತೆಂದರೆ ತಡೆಯುವುದಿಲ್ಲ. ಒಂಬತ್ತು ವರ್ಷದಿಂದ ಹೀಗೆ. ಮಂಡಿ ಚೆನ್ನಾಗಿದೆ.'

ರೂಢಿಯಂತೆ ಕೆಂಪು ಪೆನ್ಸಿಲು ಕೈಗೆ ಬಂತು. ತಿದ್ದುವಂಥದ್ದು ಏನೂ ಇರಲಿಲ್ಲ.

ಮಾರ್ಚ್ ೧೦, ಸೋಮವಾರ

ಎರಡು ತೊಟ್ಟಿಯದನ್ನೇ ತಂದೆ. ಕೆಳತೊಟ್ಟಿ ಇಪ್ಪತ್ತೊಂದು ಲೀಟರು. ಆಸನದ ಎತ್ತರವನ್ನು ಅಂಗಡಿಯಲ್ಲಿ ಅಳತೆಪಟ್ಟಿಯಿಂದ ಅಳೆದು, ಮನೆಯ ಕುರ್ಚಿಯಲ್ಲಿ ಅವಳು ಕೂರುವ ಎತ್ತರಕ್ಕೆ ತಾಳೆ ಹಾಕಿದ್ದೆ. ಎರಡು ಬೆರಳು ಕಡಿಮೆ. ಬಡಗಿಗೆ ಫೋನ್ ಮಾಡಿ ಕೆಳಗೊಂದು ಹಲಗೆ ಹಾಕಲು ಹೇಳಿದೆ. ಬಾಗಿಲಿಲ್ಲ, ವ್ಯಾನಿನಲ್ಲಿ ಅದರ ಮೂಲೆಗೆ ದಪ್ಪ ಪರದೆ ಹಾಕಿಸುತ್ತೇವೆ. ಪರದೆಯ ಬಣ್ಣ ಅವಳೇ ಹೇಳಲಿ ಎಂದೆ. "ಆಚೆಗೆ ಕಾಣದಿದ್ರೆ ಸಾಕು, ಯಾವ ಬಣ್ಣವಾದರೇನು!" ಎಂದಳು. ಐದು ನಿಮಿಷ ಬಿಟ್ಟು, "ಹಸಿರು" ಎಂದಳು.

ಸಂಜೆ ಪಕ್ಕದ ಮನೆಯ ಮೇಷ್ಟರು ಬಂದರು. ನಾನು ಕಾಗದಪತ್ರ ತರಲು ಒಳಹೋಗಿ ಬರುವಷ್ಟರಲ್ಲಿ ಅವರು ನಡುಮನೆಯಲ್ಲಿ ಇಳಿಸಿಟ್ಟಿದ್ದ ಆ ಎರಡು ತೊಟ್ಟಿಯ ಪೀಠದ ಮೇಲೆಯೇ ಆಸೀನರಾಗಿ ಚಹಾ ಕುಡಿಯುತ್ತಿದ್ದರು. "ಸ್ಟೂಲು ಗಟ್ಟಿಯಾಗಿದೆ. ಎಲ್ಲಿ ತಗೊಂಡ್ರಿ?" ಎಂದರು. ಅತಿಥಿಯನ್ನು ಎಬ್ಬಿಸುವುದು ಧರ್ಮವಲ್ಲ. ಒಂದು ಗಂಟೆ ಕೂತರು.

ಮಾರ್ಚ್ ೧೪, ಶುಕ್ರವಾರ

ವ್ಯಾನು ಬಂದು ಬೀದಿಯಲ್ಲಿ ನಿಂತಿದೆ. ಹಿಂದೆ ಬ್ರೆಡ್ ಸಾಗಿಸುತ್ತಿದ್ದ ಗಾಡಿ; ಬಿಸಿಲೇರಿದರೆ ಈಗಲೂ ಒಳಗೆ ಹದವಾಗಿ ಬೆಂದ ಬ್ರೆಡ್ಡಿನ ವಾಸನೆ ಏಳುತ್ತದೆ. ಹೊರಡುವ ಮೊದಲು ಪೀಠವನ್ನು ಪರೀಕ್ಷಿಸಬೇಕೆಂದು ಮಗಳ ಆಜ್ಞೆ. ಪರೀಕ್ಷಕರು ಯಾರೂ ಮುಂದೆ ಬರಲಿಲ್ಲ. ಮಗಳಿಗೆ ಪಾಳಿಯ ನೆಪ. ಅವಳಮ್ಮನಿಗೆ, ಮೊತ್ತಮೊದಲ ಬಾರಿಗೆ, ಮೂರು ಗಂಟೆ ಏನೂ ಬಾರದ ನೆಪ.

ಕೊನೆಗೆ ನಾನೇ ಹಸಿರು ಪರದೆ ಎಳೆದುಕೊಂಡು ಕೂತೆ. ಆ ಕ್ಷಣಕ್ಕೇ ಮೇಷ್ಟರು ವ್ಯಾನಿನ ಮಗ್ಗುಲಿಗೆ ಬಂದು ತಗಡು ಬಡಿದರು. "ಒಳಗಿದ್ದೀರಾ? ಇವತ್ತಿನ ಪೇಪರ್ ನೋಡಿದ್ರಾ?" ಇದ್ದೇನೆಂದೆ, ಸುಳ್ಳಾಡುವಂತಿಲ್ಲ. ನಲವತ್ತು ನಿಮಿಷ ಅವರು ಲೋಕದ ಆಗುಹೋಗುಗಳನ್ನು ತಗಡಿನಾಚೆಯಿಂದ ವಿಮರ್ಶಿಸಿದರು. ನಾನು ಆಗಾಗ ಹೂಂಗುಟ್ಟಿದೆ. "ನೀವು ಇವತ್ತು ಎಷ್ಟು ಸಮಾಧಾನವಾಗಿ ಕೇಳಿದ್ರಿ!" ಎಂದು ಹೊಗಳಿ ಹೋದರು.

ಪರೀಕ್ಷೆ ಅಪೂರ್ಣ.

ಮಾರ್ಚ್ ೧೭, ಸೋಮವಾರ

ಪೀಠದ ಕೈಪಿಡಿಯನ್ನು ಆದ್ಯಂತ ಓದಿದೆ. ಹತ್ತೊಂಬತ್ತು ಅಚ್ಚಿನ ತಪ್ಪು. ಪಟ್ಟಿ ಮಾಡಿ ತಯಾರಕರಿಗೆ ಅಂಚೆಯಲ್ಲಿ ಕಳಿಸಿದೆ. ಪಾಲನೆಯ ವಿಧಿಗಳು ಕಠಿಣವಾಗಿಲ್ಲ. ಪ್ರತಿ ಬಾರಿ ಸುರಿದ ಮೇಲೆ ನೀರಿನಿಂದ ಕುಲುಕಿ ತೊಳೆಯುವುದು. ನೀಲಿ ಔಷಧವನ್ನು ಅಳತೆಯ ಮುಚ್ಚಳದಿಂದ ಹಾಕುವುದು. ಅಡ್ಡ ಮುಚ್ಚಳದ ಸುತ್ತಲಿನ ರಬ್ಬರ್ ವಾಷರಿಗೆ ಜಿಡ್ಡು ಸವರಿ ಮಿದುವಾಗಿಡುವುದು.

"ಅಂಗಡಿಯವಳು ಕೊಟ್ಟ ಟ್ಯೂಬಿನ ಜಿಡ್ಡೇ ಹಾಕಿ ಅಪ್ಪಾ" ಎಂದಳು ಮಗಳು.

ಆ ಟ್ಯೂಬಿನ ಜಿಡ್ಡಿಗೆ ಸತ್ತ ಮೀನಿನ ನಾತ. ನನ್ನ ಪ್ರಾರ್ಥನಾ ಕೋಣೆಯಲ್ಲಿ ದೀಪಕ್ಕೆಂದು ಇಟ್ಟ ಎಣ್ಣೆ ತಿಳಿಯಾದದ್ದು, ಪರಿಶುದ್ಧವಾದದ್ದು. ಭಗವಂತನ ದೀಪಕ್ಕೆ ಸಲ್ಲುವ ಎಣ್ಣೆ ಒಂದು ರಬ್ಬರಿನ ಬಳೆಗೆ ಸಲ್ಲದೆ ಹೋದೀತೆ? ಇಂದಿನಿಂದ ಪ್ರತಿದಿನ, ಪ್ರಾರ್ಥನೆಯಾದ ಮೇಲೆ, ಹತ್ತಿಯನ್ನು ಅದ್ದಿ ಧಾರಾಳವಾಗಿ ಸವರುವುದೆಂದು ಸಂಕಲ್ಪಿಸಿದ್ದೇನೆ.

ಮಾರ್ಚ್ ೨೬, ಬುಧವಾರ

ನಾಳೆ ಪ್ರಯಾಣ. ಎಣ್ಣೆಯ ಸೇವೆ ಒಂದು ದಿನವೂ ತಪ್ಪಿಲ್ಲ. ವಾಷರು ತುಸು ದುಂಡಗಾಗಿ, ಹೊಳೆಯುತ್ತಿದೆ. ಉಂಡು ತೇಗಿದ ಮಗುವಿನ ಹಾಗೆ.

ಸಹಧರ್ಮಿಣಿ ಮೂರು ಬಾರಿ ಪೆಟ್ಟಿಗೆ ತುಂಬಿ ಎರಡು ಬಾರಿ ಖಾಲಿ ಮಾಡಿದಳು. "ದಾರೀಲಿ ಏನಾದ್ರೂ ಆಗ್ಬಿಟ್ರೆ? ಯಾರಾದ್ರೂ ನೋಡಿದ್ರೆ?" ಏನೂ ಆಗದೆಂದೆ. ನಾನೇ ಸ್ವತಃ ನಿಂತು ಸಿದ್ಧಪಡಿಸಿದ ಪೀಠವಲ್ಲವೇ!

ಮಾರ್ಚ್ ೨೭, ಗುರುವಾರ

ನೂರೆಂಬತ್ತು ಕಿಲೋಮೀಟರು. ಅವಳು ಐದು ಬಾರಿ ಪರದೆ ಎಳೆದಳು. ಮೊದಲ ಎರಡು ಬಾರಿ ಮಗಳು ಗಾಡಿ ನಿಲ್ಲಿಸಿದಾಗ ನಾನು ಹೊರಗಿಳಿದು ದೂರದ ಮರಗಳನ್ನು ದೃಷ್ಟಿಸುತ್ತ ನಿಂತೆ. ಮೂರನೆಯ ಬಾರಿಗೆ, "ಮಳೆ ಬರ್ತಿದೆ, ಒಳಗೇ ಕೂತಿರಿ, ನಾಟಕ ಬೇಡ" ಎಂದಳು. ಕೂತಿದ್ದೆ. ಮುಚ್ಚಳ ಕೊಂಚ ಬಿಗಿ ಎಂದಳು. ಹೊಸದಲ್ಲವೇ ಎಂದೆ.

ಸಂಜೆ ತಂಗಿದ ಬಿಡಾರದ ಮೈದಾನದಲ್ಲಿ ಸುರಿಯುವ ಹೊಂಡವಿದೆ. ಹೊತ್ತೊಯ್ಯುವವನು ನಾನೇ ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಕೋಟು ತೊಟ್ಟೇ ಹೋದೆ. ಸುರಿಯುವಾಗ ಅದು ಗುಳುಗುಳು ಎಂದು ಕೆಮ್ಮಿ, ಎಡಗಾಲಿನ ಬೂಟಿಗೆ ಎರಚಿತು.

"ಯಜಮಾನ್ರೇ, ತೊಟ್ಟಿ ಹಿಂದುಗಡೆ ಗಾಳಿ ಬಿಡೋ ಗುಂಡಿ ಇದೆ ನೋಡಿ, ಅದನ್ನ ಹೆಬ್ಬೆರಳಲ್ಲಿ ಒತ್ಕೊಂಡು ಸುರೀರಿ" ಎಂದು ಮೈದಾನದ ಕಾವಲುಗಾರ ದೂರದಿಂದಲೇ ಕೂಗಿದ. "ಕೋಟು ಹಾಕ್ಕೊಂಡು ಬಂದವರನ್ನ ಇದೇ ಮೊದಲು ನೋಡಿದ್ದು!"

ಒತ್ತಿದೆ. ಸದ್ದಿಲ್ಲದೆ ಸುರಿಯಿತು. ಕೈಯನ್ನು ಏಳು ಬಾರಿ ತೊಳೆದುಕೊಂಡೆ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಬೂಟಿನ ಕಡೆಗೇ ಹೋಗುತ್ತಿತ್ತು.

ಮಾರ್ಚ್ ೨೮, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಮೊದಲ ಹಾಳೆಯಲ್ಲಿ ಮಾತು ಕೊಟ್ಟಿದ್ದೇನೆ.

ಬೆಳಿಗ್ಗೆ ತೊಳೆದು, ನೀಲಿ ಔಷಧ ಹಾಕಿ, ಎಂದಿಗಿಂತ ಒಂದು ಪಾಲು ಹೆಚ್ಚು ಎಣ್ಣೆ ಸವರಿ ಹೊರಟೆವು. ತಪ್ಪಲಿನಲ್ಲಿ ಅವಳು ಒಮ್ಮೆ ಹೋಗಿಬಂದಳು. ಅಲ್ಲಿಂದ ಒಂದೂವರೆ ಗಂಟೆ ಏರುದಾರಿ, ತಿರುವಿನ ಮೇಲೆ ತಿರುವು. ನಿಲ್ಲಿಸಲು ಜಾಗವೇ ಇಲ್ಲ. ಘಟ್ಟದ ನೆತ್ತಿಗೆ ಬರುವ ಹೊತ್ತಿಗೆ ಅವಳು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನೆತ್ತಿಯ ಮೇಲೆ ವಿಶಾಲವಾದ ನಿಲುಗಡೆ. ನಾಲ್ಕೈದು ಕಾರು, ಫೋಟೊ ತೆಗೆಯುವ ಜನ. ಮಗಳು ಗಾಡಿ ನಿಲ್ಲಿಸುವುದೇ ತಡ, ಅವಳು ಪರದೆಯೊಳಗೆ ಹೋದಳು.

ಒಂದು ನಿಮಿಷ. ಆಮೇಲೆ, ನಾನು ನಲವತ್ತನಾಲ್ಕು ವರ್ಷದಲ್ಲಿ ಕೇಳದ ಸಣ್ಣ ಧ್ವನಿ: "ರೀ. ಇದು ತೆಗಿಯಕ್ಕೇ ಆಗ್ತಿಲ್ಲ."

ಹೋದೆ. ಎಣ್ಣೆ ಕುಡಿದ ವಾಷರು ಊದಿ, ಅಡ್ಡ ಮುಚ್ಚಳವನ್ನು ಕಚ್ಚಿ ಹಿಡಿದಿತ್ತು. ಅವಳು ಗೋಡೆಗೆ ಒರಗಿ, ಕಾಲು ಹೆಣೆದು, ಕಣ್ಣು ಮುಚ್ಚಿ ನಿಂತಿದ್ದಳು. "ಬೇಗ. ಹೊರಗೆ ಅಷ್ಟು ಜನ ಇದಾರೆ. ದಮ್ಮಯ್ಯ, ಬೇಗ."

ಮಗಳು ಮುಂದಿನಿಂದ ಕೂಗಿದಳು: "ಅಪ್ಪಾ, ತಾಳಿ! ಬೆಟ್ಟ ಹತ್ತಿದೀವಿ, ಒಳಗೆ ಗಾಳಿ ಒತ್ತಡ ಇರತ್ತೆ. ಮೊದಲು ಗಾಳಿ ಗುಂಡಿ—"

ಆದರೆ ನಾನು ಆಗಲೇ ಮಂಡಿಯೂರಿದ್ದೆ. ಭಗವಂತನ ನಾಮವನ್ನು ಉಚ್ಚರಿಸಿ, ಮುಖವನ್ನು ಪೀಠದ ಬಾಯಿಗೆ ನೇರವಾಗಿಟ್ಟು, ಎರಡೂ ಕೈಯಿಂದ ಹಿಡಿಯನ್ನು ಎಳೆದೆ.

ತೆರೆಯಿತು.

ಆ ಶಬ್ದಕ್ಕೆ ನಾನು ಬಲ್ಲ ಯಾವ ಗ್ರಂಥದಲ್ಲೂ ಹೋಲಿಕೆಯಿಲ್ಲ. ತಪ್ಪಲಿನ ಗಾಳಿಯೆಲ್ಲ ಒಂದೂವರೆ ಗಂಟೆ ಅದರೊಳಗೆ ಉಸಿರು ಕಟ್ಟಿ ಕೂತಿತ್ತು. ಅದು ನೀಲಿ ಔಷಧವನ್ನೂ, ಔಷಧದೊಡನೆ ಇದ್ದುದನ್ನೂ, ಹೊತ್ತು ನನ್ನ ಹಣೆ, ಕನ್ನಡಕ, ಮೂಗು, ಗಡ್ಡ, ಕಿವಿಗಳನ್ನು ಅಭಿಷೇಕಿಸಿ, ಮಿಕ್ಕಿದ್ದನ್ನು ಚಾವಣಿಗೆ ಬಡಿದು, ಅಲ್ಲಿಂದ ಹನಿಹನಿಯಾಗಿ ನನ್ನ ನೆತ್ತಿಯ ಮೇಲೆ ಇಳಿಸಿತು.

ನಾನು ಹಾಗೆಯೇ ಮಂಡಿಯೂರಿದ್ದೆ. ಬಾಯಿ ತೆರೆಯುವಂತಿರಲಿಲ್ಲ.

ಆಮೇಲೆ ಒಂದು ಉಸಿರು ಒಳಗೆಳೆದುಕೊಂಡ ಸದ್ದು. ಆಮೇಲೆ ಅವಳು ನಕ್ಕಳು. ನಗು ಅಂದರೆ ತುಟಿಯ ನಗುವಲ್ಲ. ಗೋಡೆಗೆ ಕೈಯೂರಿ, ಹೊಟ್ಟೆ ಹಿಡಿದು, ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆ. "ಅಯ್ಯೋ... ನೀವು... ಕೋಟು ಬೇರೆ... ಏಳಿ, ಹೊರಗೆ ಹೋಗಿ! ನಗಿಸ್ಬೇಡಿ, ಇನ್ನು ತಡೆಯಲ್ಲ!" ಎಂದು ನನ್ನನ್ನು ಪರದೆಯಾಚೆ ತಳ್ಳಿದಳು. ತಳ್ಳಿದ ರಭಸಕ್ಕೆ ನಾನು ವ್ಯಾನಿನ ಬಾಗಿಲಿನಿಂದ ಕೆಳಗಿಳಿದು, ಫೋಟೊ ತೆಗೆಯುವ ಜನರ ನಡುವೆ ನಿಂತೆ.

ಒಬ್ಬ ಮುದುಕ ಟೋಪಿ ತೆಗೆದ. ಮಗಳು ನೀರಿನ ಡಬ್ಬಿ ಹಿಡಿದು ಬಂದು, ನನ್ನನ್ನೊಮ್ಮೆ ನೋಡಿ, ಡಬ್ಬಿಯ ಸಮೇತ ನೆಲಕ್ಕೆ ಕೂತಳು. ಗಾಯಾಳುಗಳ ನಡುವೆ ಕಣ್ಣು ಮಿಟುಕಿಸದ ಹುಡುಗಿ!

ಸಹಧರ್ಮಿಣಿ ಕೊನೆಗೆ ಇಳಿದುಬಂದಳು. ಅವಳಿಗೆ ಸಕಾಲದಲ್ಲಿ ಆಯಿತೋ ಇಲ್ಲವೋ ಎಂಬುದನ್ನು ನಾನು ಬರೆಯತಕ್ಕದ್ದಲ್ಲ. ಮಧ್ಯಾಹ್ನ ನನ್ನ ಅಂಗಿಯೂ ಅವಳ ಬಟ್ಟೆಯೂ ಒಂದೇ ಹಗ್ಗದ ಮೇಲೆ, ಆ ಕಾರುಗಳ ಎದುರಿಗೇ, ಬೆಟ್ಟದ ಗಾಳಿಗೆ ಪಟಪಟ ಒಣಗಿದವು.

ಹಗ್ಗದ ಕೆಳಗೆ ಕೂತು ನನ್ನ ಗಡ್ಡಕ್ಕೆ ಸೋಪು ತಿಕ್ಕುತ್ತ ಅವಳೆಂದಳು: "ಒಂಬತ್ತು ವರ್ಷ ನಾನು ಹೆದರಿದ್ದು ಇದಕ್ಕೇ ಕಣ್ರೀ. ನಾಲ್ಕು ಜನರ ಮುಂದೆ ಮಾನ ಹೋಗತ್ತೆ ಅಂತ. ಹೋದ್ರೆ ಇಷ್ಟೇ ಅಂತ ಗೊತ್ತಿದ್ದಿದ್ರೆ ಯಾವಾಗಲೋ ಹೊರಡ್ತಿದ್ದೆ."

"ಹೋದದ್ದು ನನ್ನದು" ಎಂದೆ.

"ಅದಕ್ಕೇ ಅಷ್ಟು ಚೆನ್ನಾಗಿತ್ತು" ಎಂದಳು.

ಮಾರ್ಚ್ ೨೯, ಶನಿವಾರ

ಬಣ್ಣ ಹೋಗುತ್ತಿಲ್ಲ. ಸೋಪು, ನಿಂಬೆ, ಸೀಮೆಎಣ್ಣೆ, ಎಲ್ಲ ಆಯಿತು. ಮುಖ ಬಹುಮಟ್ಟಿಗೆ ತಿಳಿಯಾಗಿದೆ. ಕಿವಿಗಳು ಆಕಾಶದ ಬಣ್ಣ.

ಮಗಳು ವಾಷರನ್ನು ಬಿಚ್ಚಿ, ಬಿಡಾರದ ಅಂಗಡಿಯಿಂದ ಹೊಸದನ್ನು ತಂದು ಹಾಕಿದಳು. ಮೀನುನಾತದ ಜಿಡ್ಡನ್ನು ನಾನೇ ಸವರಿದೆ. ಅಭ್ಯಾಸವಾದರೆ ಅಷ್ಟೇನೂ ನಾತವಿಲ್ಲ.

ಇವಳು ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಬೇಕಾದಾಗ "ನಿಲ್ಸೇ!" ಎಂದು ಮಗಳಿಗೆ ಗಟ್ಟಿಯಾಗಿ ಹೇಳಿದಳು. ಏಳು ಬಾರಿ.

ಮಾರ್ಚ್ ೩೦, ಭಾನುವಾರ

ನಾದಿನಿ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಅಂಗೈಯನ್ನು ಹುಬ್ಬಿನ ಮೇಲಿಟ್ಟು ದಾರಿ ಕಾಯುತ್ತಿದ್ದಳು. ತಂಗಿ ಅಕ್ಕನ ಗಲ್ಲವನ್ನು ಎರಡು ಕೈಯಲ್ಲಿ ಹಿಡಿದು, ಬಿಸಿಲಿಗೆ ತಿರುಗಿಸಿ, ಹತ್ತಿರ ತಂದು, ದೂರ ಹಿಡಿದು, ನೋಡಿದಳು. ನಾನು ವ್ಯಾನಿನ ಚಕ್ರವನ್ನು ಪರೀಕ್ಷಿಸುತ್ತಿದ್ದೆ.

ಬಳಿಕ ನನ್ನತ್ತ ತಿರುಗಿದಳು. ಕಣ್ಣು ಕಿರಿದಾಗಿಸಿ ನೋಡಿದವಳ ಮುಖ ಇದ್ದಕ್ಕಿದ್ದಂತೆ ಬಾಡಿತು.

"ಅಕ್ಕಾ," ಎಂದಳು ಮೆಲ್ಲನೆ, "ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತೀನೇ ಕೆಟ್ಟಿದೆ. ಭಾವನ ಕಿವಿ ನನಗೆ ನೀಲಿ ಕಾಣ್ತಿದೆ."

ಇವಳಿಗೆ ನಗು ತಡೆಯಲಾಗಲಿಲ್ಲ. ಗೇಟನ್ನು ಹಿಡಿದು ಬಗ್ಗಿದಳು. ಮಗಳು ಮನೆಯ ಹಿಂಬದಿಗೆ ಓಡಿದಳು. ಉತ್ತರಿಸಲು ಉಳಿದವನು ನಾನೊಬ್ಬನೇ.

"ಇಲ್ಲಮ್ಮ," ಎಂದೆ. "ನಿನ್ನ ಕಣ್ಣು ಸರಿಯಾಗಿದೆ. ಅವು ನೀಲಿಯೇ."

ಕಥೆಯೆಲ್ಲ ಕೇಳಿ ಮುಗಿಸಿ, ಕಣ್ಣೊರೆಸಿಕೊಂಡು ನಾದಿನಿ ಎಂದಳು: "ಅದಕ್ಕಾ ಅಕ್ಕಾ ನೀನು ಬರದೇ ಇದ್ದದ್ದು? ನಾನೂ ಅದಕ್ಕೇ ಕಣೇ ಬರಲಿಲ್ಲ! ನನಗೂ ಹಾಗೇ. ಆರು ವರ್ಷ ಆಯ್ತು. ನಾನು ಸೊಂಟ ಅಂತ ಬರೀತಿದ್ದೆ."

"ನಾನು ಮಂಡಿ" ಎಂದಳು ಇವಳು.

"ನೀನು ಜಂಬದವಳಾಗಿದೀಯ ಅಂದ್ಕೊಂಡಿದ್ದೆ."

"ನಾನೂ ನಿನ್ನ ಹಾಗೇ ಅಂದ್ಕೊಂಡೆ."

ಇಬ್ಬರೂ ನನ್ನನ್ನು ನೋಡಿದರು, ನಾನೇ ಕಾರಣವೋ ಎಂಬಂತೆ. ಬಳಿಕ ನಾದಿನಿ ಗೋಡೆ ಹಿಡಿದುಕೊಂಡು ವ್ಯಾನಿನ ಕಡೆ ನಡೆದಳು. "ಎಲ್ಲಿ ಭಾವಾ, ತೋರಿಸಿ ಅದನ್ನ. ಕಣ್ಣು ಕಾಣ್ತಿರೋವಾಗಲೇ ನೋಡ್ಬಿಡ್ತೀನಿ."

ಹಸಿರು ಪರದೆ ಸರಿಸಿ ತೋರಿಸಿದೆ. ಕೊಂಡಿ, ಮುಚ್ಚಳ, ಗಾಳಿ ಗುಂಡಿ ಎಲ್ಲವನ್ನೂ ಅವಳ ಬೆರಳು ಮುಟ್ಟಿಸಿ ವಿವರಿಸಿದೆ; ಬೆಳಕು ಹೋದ ಮೇಲೂ ತಿಳಿಯಬೇಕಲ್ಲ.

ಏಪ್ರಿಲ್ ೨, ಬುಧವಾರ

ಎರಡು ದಿನ ಬರೆಯಲಾಗಲಿಲ್ಲ. ಪುರುಸೊತ್ತಿಲ್ಲ. ನಾದಿನಿ ಸಮುದ್ರದ ಅಂಚಿನ ದಾರಿಯನ್ನು ಉದ್ದಕ್ಕೂ ನೋಡಬೇಕೆಂದಳು. ಹುಟ್ಟಿದಾಗಿನಿಂದ ಆ ದಡದಲ್ಲೇ ಇದ್ದರೂ ಆರು ವರ್ಷದಿಂದ ಕಣ್ಣಿನ ಡಾಕ್ಟರ ಬಳಿಗೆ ಬಿಟ್ಟರೆ ಗೇಟು ದಾಟಿಲ್ಲವಂತೆ. ದೀಪಸ್ತಂಭ, ದೋಣಿಗಳ ಜಾಗ, ಉಪ್ಪಿನ ಬಯಲು, ಎಲ್ಲ ಕಡೆಗೂ ವ್ಯಾನು ಹೋಗುತ್ತದೆ. ಇಬ್ಬರೂ ಹಿಂದಿನ ಹಾಸಿಗೆಯ ಮೇಲೆ ಕಿಟಕಿಗೆ ಮೂಗು ತಾಗಿಸಿ ಕೂತಿರುತ್ತಾರೆ. "ಅದೇನೇ ಕೆಂಪಗೆ?" "ದೋಣಿ ಕಣೇ." "ಎಷ್ಟು?" "ಮೂರು." "ನನಗೂ ಮೂರೇ!"

ಇಬ್ಬರ ಲೆಕ್ಕದಲ್ಲಿ ತೊಟ್ಟಿ ದಿನಕ್ಕೆ ಎರಡು ಬಾರಿ ತುಂಬುತ್ತದೆ. ಈ ಬೆಳಿಗ್ಗೆ ಎದ್ದವನೇ ಕಕ್ಕಸು ಬಿಚ್ಚಿಕೊಂಡು ಹೋಗಿ, ಗುಂಡಿ ಒತ್ತಿ ಸುರಿದು, ಕುಲುಕಿ ತೊಳೆದು, ಔಷಧ ಹಾಕಿ, ಜಿಡ್ಡು ಸವರಿ, ಎರಡು ಬಾರಿ ಹಿಡಿ ಎಳೆದು ನೋಡಿ ಇಟ್ಟೆ. ಆಮೇಲೆ ಕೈ ತೊಳೆದು ಪ್ರಾರ್ಥನೆಗೆ ಕೂತೆ.

ಕ್ರಮ ಹಿಂದುಮುಂದಾಯಿತೆಂದು ಈಗ ಬರೆಯುವಾಗ ಗಮನಕ್ಕೆ ಬಂತು. ಇರಲಿ. ಭಗವಂತನಿಗೆ ತಾಳ್ಮೆ ಬಹಳ. ಇವರಿಬ್ಬರಿಗೆ ಅಷ್ಟು ಹೊತ್ತು ತಡೆಯುವುದಿಲ್ಲ.